ಅಣಬೆ, ಅಡವಿ ಮತ್ತು ಚಿತ್ರಕಾರ

ಗುಡುಗು ಹುಟ್ಟಿದರೆ ಅಣಬೆ ಹುಟ್ಟುತ್ತದೆಂಬುದು ನಮ್ಮ ಹಳ್ಳಿಗಳ ಕಡೆಯ ಹಳೆಯ ಮಾತು. ದೆಹಲಿಯಲ್ಲಿಯೂ ಶ್ರಾವಣದ ಮಳೆ ಬಿದ್ದ ಮೇಲೆ ರಿಡ್ಜ್ ಕಾಡಿನ ಅಂಚಿನಲ್ಲಿ, ಕ್ವಾರ್ಟರ್ಸುಗಳ ಹಿಂದಿನ ಮರಗಳ ಬುಡದಲ್ಲಿ ಅಣಬೆಗಳು ತಲೆಯೆತ್ತುವುದನ್ನು ವಾಚಕರು ನೋಡಿರಬಹುದು. ಎರಡು ಮೂರು ದಿನಗಳಲ್ಲಿ ಅವು ಕರಗಿ ಹೋಗುತ್ತವೆ. ಇಷ್ಟು ಅಲ್ಪಾಯುಷಿಯಾದ ವಸ್ತುವನ್ನು ಶಾಸ್ತ್ರಜ್ಞರು ಅಭ್ಯಾಸ ಮಾಡುವುದು ಹೇಗೆ? ಆ ಕೆಲಸದಲ್ಲಿ ಚಿತ್ರಕಾರನ ಪಾಲು ಎಷ್ಟೆಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದೆ.

ನಾವು ಕಾಣುವ ಕೊಡೆಯು ಅಣಬೆಯ ಫಲ ಮಾತ್ರ. ಅಸಲು ಜೀವವು ಮಣ್ಣಿನಲ್ಲಿ, ಕೊಳೆತ ಮರದಲ್ಲಿ, ಕೂದಲಿಗಿಂತ ಸಣ್ಣ ಎಳೆಗಳಾಗಿ ಹರಡಿರುತ್ತದೆ. ಬಿದ್ದ ಎಲೆಯನ್ನೂ ಸತ್ತ ಮರವನ್ನೂ ಕೊಳೆಯಿಸಿ ಮಣ್ಣಿಗೆ ಸೇರಿಸುವುದು ಶಿಲೀಂಧ್ರಗಳ ಒಂದು ಕೆಲಸ. ಇನ್ನೊಂದು ಇದಕ್ಕಿಂತ ಸೋಜಿಗದ್ದು. 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ಸಸ್ಯಶಾಸ್ತ್ರಜ್ಞರು, ಕಾಡುಮರಗಳ ಬೇರಿನ ತುದಿಯನ್ನು ಈ ಎಳೆಗಳು ಹೊದಿಕೆಯಂತೆ ಸುತ್ತಿರುವುದನ್ನು ವರ್ಣಿಸಿ, ಅದಕ್ಕೆ ‘ಮೈಕೊರೈಜ’, ಅಂದರೆ ಶಿಲೀಂಧ್ರದ ಬೇರು, ಎಂದು ಹೆಸರಿಟ್ಟರು. ಎಳೆಗಳು ನೀರನ್ನೂ ರಂಜಕವೇ ಮೊದಲಾದ ಸತ್ವಗಳನ್ನೂ ಮರಕ್ಕೆ ಒದಗಿಸುತ್ತವೆ. ಮರವು ತಾನು ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ದಕ್ಷಿಣ ಕನ್ನಡದವರು ಮೊದಲ ಮಳೆಗೆ ಹುಡುಕಿ ತರುವ ಕಲ್ಲಣಬೆ ಇಂಥದೇ. ಬೇರಿನ ಸಹವಾಸವಿಲ್ಲದೆ ಅದು ಏಳದು. ಮರ ಹೋದರೆ ಅದೂ ಹೋಯಿತು.

ಶಿಲೀಂಧ್ರಗಳನ್ನು ಒಣಗಿಸಿ ಕಾಪಾಡುವ ಭಂಡಾರವೊಂದು ನಮ್ಮ ದೆಹಲಿಯ ಪೂಸಾದಲ್ಲೇ, ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದೆ. ಬಟ್ಲರ್ ಎಂಬ ವಿಜ್ಞಾನಿಗಳು 1905ರಲ್ಲಿ ಬಿಹಾರದ ಪೂಸಾ ಗ್ರಾಮದಲ್ಲಿ ಅದನ್ನು ಆರಂಭಿಸಿದರು. 1934ರ ಭೂಕಂಪದಲ್ಲಿ ಅಲ್ಲಿನ ಕಟ್ಟಡ ಹಾಳಾದುದರಿಂದ ಸಂಸ್ಥೆಯು 1936ರಲ್ಲಿ ದೆಹಲಿಗೆ ಬಂತು. ನಮ್ಮವರ ಹಾಗೆಯೇ ಊರಿನ ಹೆಸರನ್ನೂ ಜೊತೆಗೆ ತಂದಿತು.

ಒಣಗಿದ ಮಾದರಿಯಿಂದ ಬೀಜಕಣದ ಆಕಾರ, ಅಳತೆ ತಿಳಿಯುತ್ತವೆ. ಆದರೆ ಮೆತ್ತನೆಯ ಅಣಬೆ ಒಣಗಿದಾಗ ಕೊಡೆ ಮುರುಟುತ್ತದೆ, ಬಣ್ಣ ಮಾಸುತ್ತದೆ, ವಾಸನೆ ಆರುತ್ತದೆ. ಆದುದರಿಂದ ಹಸಿಯಾಗಿರುವಾಗಲೇ ಅದನ್ನು ಬಣ್ಣದಲ್ಲಿ ಬರೆದಿಡಬೇಕು. ಕ್ಯಾಮರಾ ಒಂದು ಕ್ಷಣವನ್ನು ಹಿಡಿಯುತ್ತದೆ. ಚಿತ್ರಕಾರನು ಮೊಗ್ಗು, ಅರಳಿದ ಕೊಡೆ, ಸೀಳಿದ ಒಳಭಾಗ ಮೂರನ್ನೂ ಒಂದೇ ಹಾಳೆಯ ಮೇಲೆ ಇಡಬಲ್ಲ.

ಮಕ್ಕಳ ಮೊಲದ ಕಥೆಗಳಿಂದ ಪ್ರಸಿದ್ಧರಾದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಮೊದಲು ಅಣಬೆಗಳ ಚಿತ್ರ ಬರೆಯುತ್ತಿದ್ದರು. ಅವರಿಗೆ ದಾರಿ ತೋರಿಸಿದವರು ಸ್ಕಾಟ್‌ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ಹಳ್ಳಿಯ ಅಂಚೆಪೇದೆ. ಅವರು ಮಾದರಿಗಳನ್ನು ಟಪಾಲಿನಲ್ಲಿ ಕಳುಹಿಸುವರು. ಆಕೆ ಚಿತ್ರದ ಪ್ರತಿಯನ್ನು ಕಳುಹಿಸುವರು. 1897ರಲ್ಲಿ ಬೀಜಕಣಗಳ ಮೊಳಕೆಯನ್ನು ಕುರಿತ ಆಕೆಯ ಪ್ರಬಂಧ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂದಾಗ, ಸ್ತ್ರೀಯರಿಗೆ ಪ್ರವೇಶವಿಲ್ಲದ್ದರಿಂದ ಆಕೆ ಸಭೆಯಲ್ಲಿರಲಿಲ್ಲ. ಆಕೆ 1943ರಲ್ಲಿ ತೀರಿಕೊಂಡರು. 1967ರಲ್ಲಿ ಆ ಚಿತ್ರಗಳು ಅಣಬೆಗಳನ್ನು ಗುರುತಿಸುವ ಗ್ರಂಥವೊಂದರಲ್ಲಿ ಅಚ್ಚಾದವು.

ನಮ್ಮ ನಾಡಿನಲ್ಲಿಯೂ ಇಂಥ ಜೋಡಿಯೊಂದಿತ್ತು. ಅವರ ವಿಷಯ ಅಣಬೆಯಲ್ಲ, ಗಿಡಮರ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್, ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡುವ ನಿಯಮವಿಟ್ಟುಕೊಂಡು, ಅದರ ಚಿತ್ರ ಬರೆಯಲು ಸ್ಥಳೀಯ ಚಿತ್ರಕಾರನೊಬ್ಬನನ್ನು ನೇಮಿಸಿಕೊಂಡರು. ಹೀಗೆ ಮಲೆನಾಡನ್ನು ಕಂಡ ಕ್ಲೆಗ್‌ಹಾರ್ನ್, ಉಷ್ಣವಲಯದ ಕಾಡುಗಳ ನಾಶದ ಬಗ್ಗೆ 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿಗೆ ಒಪ್ಪಿಸಿದ ವರದಿಯಲ್ಲಿ ಪ್ರಮುಖರಾಗಿದ್ದರು; 1856ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾದರು. ಆ ಚಿತ್ರಗಳು ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಬರೆದವನು ‘ಮರಾಠಿ ಚಿತ್ರಕಾರ’ ಎಂದಷ್ಟೇ ಉಳಿದಿದ್ದಾನೆ. ಮುಂದೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಸಸ್ಯಗಳ ಚಿತ್ರ ಬರೆದ ಚೆಲುವಯ್ಯ ರಾಜು ಅವರ ಹೆಸರಾದರೂ ಉಳಿಯಿತು. ಇಬ್ಬರು ಸೇರಿ ಮಾಡಿದ ಕೆಲಸಕ್ಕೆ ಒಬ್ಬರ ಹೆಸರು ಮಾತ್ರ ನಿಲ್ಲುವ ಪದ್ಧತಿಯನ್ನು ಕಚೇರಿ ಕಾರ್ಖಾನೆಗಳಲ್ಲಿ ದುಡಿಯುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದ ಕೆಳಗೆ ಬರೆದವನ ಹೆಸರನ್ನೂ ನಮೂದಿಸುವುದು ಉಪಕಾರವಲ್ಲ, ನ್ಯಾಯ.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ಈ ಮಳೆಗಾಲದಲ್ಲಿ ಅಣಬೆ ಕಂಡರೆ ತಾರೀಖು, ಸ್ಥಳ, ಹತ್ತಿರದ ಮರ, ಬಣ್ಣ ಇವನ್ನು ಬರೆದುಕೊಳ್ಳಿ. ಮಕ್ಕಳಿಂದ ಚಿತ್ರ ಬರೆಯಿಸಿ. ಬಲಿತ ಕೊಡೆಯನ್ನು ಬಿಳಿಯ ಕಾಗದದ ಮೇಲೆ ಕವುಚಿ, ಬಟ್ಟಲು ಮುಚ್ಚಿ ರಾತ್ರಿಯೆಲ್ಲಾ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಬೀಜಕಣಗಳು ಉದುರಿ ಗೆರೆಗೆರೆಯ ಅಚ್ಚು ಮೂಡಿರುತ್ತದೆ. ಅದರ ಬಣ್ಣ ಜಾತಿಯನ್ನು ಗುರುತಿಸಲು ಸಹಾಯಕ. ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ. ಗುರುತು ತಿಳಿಯದ ಅಣಬೆಯನ್ನು ಮಾತ್ರ ಎಂದಿಗೂ ತಿನ್ನಬೇಡಿ; ಕೆಲವು ಪ್ರಾಣಕ್ಕೇ ಎರವಾಗುತ್ತವೆ.