ನೋವಾದ ಸ್ನಾಯುವೇ ದುಡಿದ ಸ್ನಾಯುವಲ್ಲ

ಸೇಂಟ್ ಪೀಟರ್ಸ್‌ಬರ್ಗ್‌ನ ವಗಾನೊವಾ ಬ್ಯಾಲೆ ಅಕಾಡೆಮಿಗೆ ಮಕ್ಕಳು ಸೇರುವುದು ಸುಮಾರು 10ನೇ ವಯಸ್ಸಿಗೆ, ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿಗೆ 11ಕ್ಕೆ. ಅಲ್ಲಿಂದ ನಾಲ್ಕೈದು ವರ್ಷ ಅಭ್ಯಾಸದ ಗಂಟೆಗಳೂ ಏರುತ್ತವೆ, ಮೈಯೂ ಬಿರುಸಾಗಿ ಬೆಳೆಯುತ್ತದೆ. ನೋವು ಕಾಣಿಸಿಕೊಳ್ಳುವುದು ಈ ಹೊತ್ತಿನಲ್ಲೇ. ಆ ನೋವಿನ ಬಗ್ಗೆ ಮಕ್ಕಳ ಕಿವಿಗೆ ಬೀಳುವ ಮಾತುಗಳಲ್ಲಿ ಹಲವು ತಪ್ಪು.

ತಪ್ಪು ಕಲ್ಪನೆ: ಎಲ್ಲಿ ನೋಯುತ್ತದೋ ಅಲ್ಲಿನ ಸ್ನಾಯು ಚೆನ್ನಾಗಿ ದುಡಿಯುತ್ತಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಬ್ಯಾಲೆಯ ತಳಪಾಯವೇ ಟರ್ನ್‌ಔಟ್, ಅಂದರೆ ಎರಡೂ ಕಾಲುಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು. ಪಾದಗಳೆರಡೂ 180 ಡಿಗ್ರಿಯಲ್ಲಿ ಒಂದೇ ಗೆರೆಗೆ ಬರಬೇಕೆಂಬುದು ಆದರ್ಶ. ಆದರೆ ಸೊಂಟದ ಕೀಲು ಒಂದೊಂದು ಬದಿಯಲ್ಲೂ ಪೂರ್ತಿ 90 ಡಿಗ್ರಿ ತಿರುಗುವುದು ತೀರಾ ಅಪರೂಪ. ತೊಡೆಮೂಳೆ ಗುಳಿಯಲ್ಲಿ ಯಾವ ಕೋನದಲ್ಲಿ ಕೂತಿದೆ ಎಂಬುದರ ಮೇಲೆ ಅದರ ಮಿತಿ ನಿಂತಿದೆ, ಹಟದಿಂದ ಮೂಳೆಯ ಆಕಾರ ಬದಲಾಗುವುದಿಲ್ಲ. ಇರುವ ಮಿತಿಯೊಳಗೆ ಕಾಲನ್ನು ತಿರುಗಿಸಿ ಹಿಡಿಯಬೇಕಾದವು ಪೃಷ್ಠದ ಆಳದಲ್ಲಿರುವ ಆರು ಸಣ್ಣ ಸ್ನಾಯುಗಳು. ಅವುಗಳಿಂದ ಆಗದಿದ್ದಾಗ ಮಗು ಪಾದವನ್ನು ನೆಲಕ್ಕೆ ಒತ್ತಿಹಿಡಿದು ಉಳಿದ ಕೋನವನ್ನು ಕೆಳಗಿನಿಂದ ತೆಗೆದುಕೊಳ್ಳುತ್ತದೆ. ಮಂಡಿ ತಿರುಚುತ್ತದೆ, ಅಂಗಾಲಿನ ಕಮಾನು ಒಳಕ್ಕೆ ಕುಸಿಯುತ್ತದೆ. ಆಮೇಲೆ ಮಂಡಿಯ ಒಳಬದಿ ನೋಯತೊಡಗುತ್ತದೆ. ನೋವು ಮಂಡಿಯಲ್ಲಿದೆ, ಕೆಲಸ ತಪ್ಪಿಸಿಕೊಂಡದ್ದು ಸೊಂಟ.

ಇದನ್ನು ಮನೆಯಲ್ಲೇ ಗುರುತಿಸಬಹುದು. ಮಗು ಪ್ಲಿಯೆಗೆ, ಅಂದರೆ ಮಂಡಿ ಬಗ್ಗಿಸಿ ಕೆಳಕ್ಕೆ, ಇಳಿಯುವಾಗ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಬರುತ್ತಿದೆಯೇ ನೋಡಿ. ಹೆಬ್ಬೆರಳನ್ನೂ ದಾಟಿ ಒಳಕ್ಕೆ ಬೀಳುತ್ತಿದ್ದರೆ ಪಾದಗಳನ್ನು ಅಷ್ಟು ಅಗಲಕ್ಕೆ ತಿರುಗಿಸಬಾರದು. ನಮ್ಮ ಭರತನಾಟ್ಯದ ಅರೆಮಂಡಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಕಾಲನ್ನು ಮುಂದಕ್ಕೆ ಎತ್ತಿ ಹಿಡಿಯುವ ಭಂಗಿಯಲ್ಲೂ ಹೀಗೆಯೇ. ಸೊಂಟದ ಎತ್ತರ ದಾಟಿದ ಮೇಲೆ, ಬೆನ್ನುಮೂಳೆಯಿಂದ ತೊಡೆಗೆ ಇಳಿಯುವ ಆಳದ ಸೋಆಸ್ ಸ್ನಾಯುವಿನ ಪಾಲು ದೊಡ್ಡದು. ತೊಡೆಯ ಮುಂಭಾಗ ಕಲ್ಲಿನಂತೆ ಬಿಗಿದು ಉರಿಯುತ್ತಿದ್ದರೆ ಮೇಲ್ಪದರದ ಸ್ನಾಯುವೇ ಅದರ ಹೊರೆಯನ್ನೂ ಹೊತ್ತಿರುವ ಸಂಭವ ಹೆಚ್ಚು. ಇದನ್ನು ಶಿಕ್ಷಕರು ಶ್ರದ್ಧೆಯ ಗುರುತೆಂದು ಹೊಗಳಿದರೆ ಮಗು ಆ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಮರುದಿನದ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣ, ಎಲ್ಲ ನೋವೂ ಅಂಥದ್ದೇ.

ಶ್ರಮದ ಹೊತ್ತಿನಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯಲ್ಲಿ ರಕ್ತದಿಂದ ಇಳಿದುಹೋಗುತ್ತದೆ. ಮರುದಿನ ಕಾಡುವ ನೋವು ಬೇರೆ. ನೆಗೆದು ನೆಲಕ್ಕಿಳಿಯುವಾಗ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಆಗ ಅದರ ಎಳೆಗಳಲ್ಲಿ ಸೂಕ್ಷ್ಮ ಗಾಸಿಯಾಗುತ್ತದೆ. 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿ, ಕೆಲವು ದಿನಗಳಲ್ಲಿ ತಾನೇ ಹೋಗುವ ನೋವಿದು. ಸಾಮಾನ್ಯವಾಗಿ ಎರಡೂ ಕಾಲಲ್ಲಿ ಹರಡಿಕೊಂಡಿರುತ್ತದೆ, ಮೈ ಬಿಸಿಯೇರಿದಂತೆ ಸಡಿಲವಾಗುತ್ತದೆ.

ಒಂದೇ ಬೆರಳಿಟ್ಟು ತೋರಿಸಬಹುದಾದ ನೋವು, ಕುಣಿದಷ್ಟೂ ಹೆಚ್ಚುವ ನೋವು, ಮಲಗಿದಾಗಲೂ ಬಿಡದ ನೋವು ಈ ಗುಂಪಿಗೆ ಸೇರಿದ್ದಲ್ಲ. ಪಾದದ ಎರಡನೇ ಉದ್ದಮೂಳೆಯ ಬುಡದಲ್ಲಿ ಬರುವ ಕೂದಲೆಳೆಯ ಬಿರುಕು ಬ್ಯಾಲೆಯವರಲ್ಲಿ ವಿಶೇಷವಾಗಿ ಕಾಣುವಂಥದ್ದು, ಮೊದಲ ವಾರಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಹುಡುಗಿ ತೆಳ್ಳಗಿರಲೆಂದು ಕಡಿಮೆ ಉಣ್ಣುತ್ತಿದ್ದು, ಮೂರು ತಿಂಗಳು ಮುಟ್ಟು ನಿಂತಿದ್ದರೆ ಇಂಥ ಬಿರುಕಿನ ಭಯ ಇನ್ನೂ ಹೆಚ್ಚು. ಕುಣಿಯುವವರಿಗೆ ಮುಟ್ಟು ನಿಲ್ಲುವುದು ಸಹಜವೆಂಬ ಮಾತನ್ನು ಯಾರು ಹೇಳಿದರೂ ಒಪ್ಪಬೇಡಿ, ವೈದ್ಯರಿಗೆ ತೋರಿಸಿ.

ತಪ್ಪು ಕಲ್ಪನೆ: ಸ್ನಾಯು ಹಿಡಿದುಕೊಂಡಿದ್ದರೆ ಇನ್ನಷ್ಟು ಜಗ್ಗಬೇಕು.

ಹುಡುಗಿಯರು 11-12ರ ಆಸುಪಾಸಿನಲ್ಲಿ, ಹುಡುಗರು ಸುಮಾರು ಎರಡು ವರ್ಷ ತಡವಾಗಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಮೂಳೆಯ ಓಟಕ್ಕೆ ಸ್ನಾಯು ತಕ್ಷಣ ಹೊಂದಿಕೊಳ್ಳುವುದಿಲ್ಲ. ಕಾಲುಗಳನ್ನು ಪೂರ್ತಿ ಚಾಚಿ ಕೂರುವ ಸ್ಪ್ಲಿಟ್ ನಿನ್ನೆ ಸಲೀಸಾಗಿದ್ದದ್ದು ಇಂದು ಬಾರದು, ಸಮತೋಲ ತಪ್ಪುತ್ತದೆ. ಸ್ನಾಯುರಜ್ಜು ಮೂಳೆಗೆ ಅಂಟುವ ಕಡೆ, ಮಂಡಿಯ ಕೆಳಗೆ ಮತ್ತು ಹಿಮ್ಮಡಿಯಲ್ಲಿ, ಇನ್ನೂ ಬೆಳೆಯುವ ಮೃದು ಮೂಳೆಯಿರುತ್ತದೆ. ಜಗ್ಗಿದ ಬಲವೆಲ್ಲ ಬೀಳುವುದು ಅದರ ಮೇಲೆ. ಮಗುವಿನ ಬೆನ್ನ ಮೇಲೆ ಇನ್ನೊಬ್ಬರು ಕೂತು ಒತ್ತಿಸುವ ಪದ್ಧತಿಯನ್ನು ಈ ವಯಸ್ಸಿನಲ್ಲಿ ಪೂರ್ತಿ ಬಿಡಬೇಕು. ಕೆಲವು ತಿಂಗಳು ನೆಗೆತ ಕಡಿಮೆ ಮಾಡಿ ಬಲ ಬೆಳೆಸಿದರೆ ಕಳೆದ ಬಾಗು ಬಹುಮಟ್ಟಿಗೆ ಹಿಂದಿರುಗುತ್ತದೆ.

ತಪ್ಪು ಕಲ್ಪನೆ: 12 ತುಂಬಿದರೆ ತುದಿಬೆರಳಲ್ಲಿ ನಿಲ್ಲುವ ಪಾಯಿಂಟ್ ಶೂ ತೊಡಬಹುದು, ನೋವನ್ನು ಗಟ್ಟಿ ಶೂ ನೋಡಿಕೊಳ್ಳುತ್ತದೆ.

1832ರಲ್ಲಿ ಪ್ಯಾರಿಸ್ಸಿನಲ್ಲಿ 'ಲಾ ಸಿಲ್ಫೀದ್' ಬ್ಯಾಲೆ ಆಡಿದಾಗ ನರ್ತಕಿ ಮರೀ ತಾಲ್ಯೋನಿ ತುದಿಬೆರಳಲ್ಲಿ ನಿಂತದ್ದು, ಹೊಲಿಗೆ ಹಾಕಿ ಬಿಗಿ ಮಾಡಿದ ಮೆತ್ತನೆಯ ಸ್ಯಾಟಿನ್ ಶೂಗಳಲ್ಲಿ. ಆಕೆಯನ್ನು ಎತ್ತಿ ಹಿಡಿದದ್ದು ಪಾದ, ಮೀನಖಂಡ ಮತ್ತು ನಡುವಿನ ಬಲ. ಇಂದಿಗೂ ನೋಡಬೇಕಾದದ್ದು ಅದನ್ನೇ, ವಯಸ್ಸು ಆಮೇಲಿನದು.

ತಪ್ಪು ಕಲ್ಪನೆ: ನೋವು ಹೋಯಿತೆಂದರೆ ಗಾಯ ವಾಸಿಯಾಯಿತು.

ಉಳುಕಿದ ಪಾದದ ನೋವು ಕೆಲವೇ ವಾರಗಳಲ್ಲಿ ಇಳಿಯಬಹುದು. ನೋವಿದ್ದಾಗ ಮೆದುಳು ಸುತ್ತಲಿನ ಸ್ನಾಯುಗಳನ್ನು ಹತ್ತಿಕ್ಕಿರುತ್ತದೆ, ಪಾದ ಎಲ್ಲಿದೆ ಎಂದು ತಿಳಿಸುವ ನರಗಳ ಚುರುಕೂ ತಗ್ಗಿರುತ್ತದೆ. ನೋವು ಹೋದಾಕ್ಷಣ ಇವೆರಡೂ ಮರಳುವುದಿಲ್ಲ, ಅದಕ್ಕೇ ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುತ್ತದೆ. ಹಾಗೆಂದು ಹಾಸಿಗೆ ಹಿಡಿಸಿದರೆ ಬಲ ಇನ್ನೂ ಕುಂದುತ್ತದೆ. ಫಿಸಿಯೋಥೆರಪಿಸ್ಟ್ ಸಲಹೆಯಂತೆ ಆಸರೆಯ ಅಡ್ಡಕಂಬಿ (ಬಾರ್) ಹಿಡಿದು ಮಾಡುವ ಹಗುರ ಅಭ್ಯಾಸದಿಂದ ಆರಂಭಿಸಿ, ಒಂಟಿಗಾಲಿನಲ್ಲಿ ಹಿಮ್ಮಡಿ ಎತ್ತುವುದು, ಕಣ್ಣು ಮುಚ್ಚಿ ನಿಲ್ಲುವುದು ಎರಡೂ ಆರೋಗ್ಯವಾಗಿರುವ ಕಾಲಿನಷ್ಟೇ ಸಲೀಸಾದ ಮೇಲೆ ನೆಗೆತಕ್ಕೆ ಬಿಡಬೇಕು.