ಡೆಬಿಯನ್ ಭಂಡಾರದಿಂದ ಕೈಬಿಟ್ಟ ತಂತ್ರಾಂಶಗಳು: ದಾಖಲೆ ಮತ್ತು ಪತ್ತೆ

ಲಿನಕ್ಸ್ ವಿತರಣೆಯ ಅಧಿಕೃತ ತಂತ್ರಾಂಶ ಭಂಡಾರವನ್ನು ಗ್ರಂಥಾಲಯಕ್ಕೆ ಹೋಲಿಸುವ ರೂಢಿಯಿದೆ. ಒಂದು ವಿಷಯದಲ್ಲಿ ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಗ್ರಂಥಾಲಯವು ಕಪಾಟಿನಿಂದ ತೆಗೆದ ಪುಸ್ತಕ ಓದುಗನಿಗೆ ದೊರೆಯುವುದಿಲ್ಲ. ಭಂಡಾರವು ಕೈಬಿಟ್ಟ ಪ್ಯಾಕೇಜಾದರೋ ಅದನ್ನು ಈಗಾಗಲೇ ಅಳವಡಿಸಿಕೊಂಡ ಗಣಕಗಳಲ್ಲಿ ಹಾಗೆಯೇ ಉಳಿದು ಕೆಲಸ ಮಾಡುತ್ತಿರುತ್ತದೆ. ನಿಂತುಹೋಗುವುದು ಭದ್ರತಾ ಪರಿಷ್ಕರಣೆ ಮಾತ್ರ. ಇದು ಬಳಕೆದಾರನ ಗಮನಕ್ಕೆ ಸುಲಭವಾಗಿ ಬಾರದು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯು ಈ ಬಗೆಯ ತೆಗೆದುಹಾಕುವಿಕೆಯನ್ನು ಬಹಿರಂಗವಾಗಿ ದಾಖಲಿಸುತ್ತದೆ. ಭಂಡಾರದ ನಿರ್ವಾಹಕರಿಗೆ ದೋಷವರದಿಯ ರೂಪದಲ್ಲಿ ಕೋರಿಕೆ ಸಲ್ಲುತ್ತದೆ. ಕೋರಿದವರು ಪಾಲಕರೇ, ಗುಣಮಟ್ಟದ ತಂಡವೇ ಎಂಬುದನ್ನು ಸೂಚಿಸುವ ಸಂಕೇತವೂ ಕಾರಣವೂ ಅದರಲ್ಲಿರುತ್ತವೆ. ಗಂಭೀರ ದೋಷದಿಂದಾಗಿ 'ಟೆಸ್ಟಿಂಗ್' ಶಾಖೆಯಿಂದ ಹೊರಬಿದ್ದ ಪ್ಯಾಕೇಜು ದೋಷ ನೀಗಿದೊಡನೆ ಮರಳಬಹುದು. 'ಅನ್‌ಸ್ಟೇಬಲ್' ಶಾಖೆಯಿಂದ ಹೋದದ್ದು ಹೊಸ ಪ್ಯಾಕೇಜಿನಂತೆಯೇ ಮತ್ತೆ ಪರಿಶೀಲನೆಗೆ ಒಳಗಾಗಬೇಕು. ಈ ಎರಡನ್ನೂ ಒಂದೇ ಎಣಿಕೆಗೆ ಸೇರಿಸುವ ಅಧ್ಯಯನವು ಅರ್ಥಹೀನವಾದೀತು.

ಪೈಥಾನ್ 2ರ ಪ್ರಕರಣ ಬೋಧಪ್ರದವಾಗಿದೆ. 2020ರ ಜನವರಿ 1ರಂದು ಅದರ ಮೂಲ ಬೆಂಬಲ ಮುಗಿಯಿತು. ಅದನ್ನು ಅವಲಂಬಿಸಿದ ಅನ್ವಯಗಳಲ್ಲಿ ಕೆಲವು ಪೈಥಾನ್ 3ಕ್ಕೆ ಬದಲಾದವು. ಬದಲಾಯಿಸುವವರಿಲ್ಲದವು ಭಂಡಾರದಿಂದ ಹೊರನಡೆದವು. 2021ರ ಬುಲ್ಸ್‌ಐ ಆವೃತ್ತಿಯಲ್ಲಿ ಪೈಥಾನ್ 2.7 ಇತ್ತಾದರೂ, ಕೆಲವು ತಂತ್ರಾಂಶಗಳನ್ನು ನಿರ್ಮಿಸುವ ಹಂತದ ಬಳಕೆಗಷ್ಟೇ; ಭದ್ರತಾ ಪರಿಷ್ಕರಣೆ ಇಲ್ಲವೆಂದು ಬಿಡುಗಡೆ ಟಿಪ್ಪಣಿಯೇ ತಿಳಿಸಿತ್ತು. 2023ರ ಬುಕ್‌ವರ್ಮ್ ಆವೃತ್ತಿಯಲ್ಲಿ ಅದು ಇಲ್ಲವಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಸರೆಯಿದೆ ಎನ್ನಲಾಗದು.

ಇದರ ವಿಲೋಮವೂ ಉಂಟು. 32 ಬಿಟ್ ಗಣಕಗಳಲ್ಲಿ 2038ರಲ್ಲಿ ಎದುರಾಗುವ ಕಾಲಗಣನೆಯ ತೊಡಕನ್ನು ನಿವಾರಿಸಲು 2024ರಲ್ಲಿ ನೂರಾರು ಲೈಬ್ರರಿಗಳ ಹೆಸರಿಗೆ 'ಟಿ64' ಎಂಬ ಬಾಲ ಸೇರಿತು. 'ಲಿಬ್‌ಎಸ್‌ಎಸ್‌ಎಲ್3' ಎಂಬುದು 2025ರ ಟ್ರಿಕ್ಸಿ ಆವೃತ್ತಿಯಲ್ಲಿ 'ಲಿಬ್‌ಎಸ್‌ಎಸ್‌ಎಲ್3ಟಿ64' ಆಗಿದೆ. ಎರಡು ಆವೃತ್ತಿಗಳ ಪಟ್ಟಿಗಳನ್ನು ಯಾಂತ್ರಿಕವಾಗಿ ಹೋಲಿಸಿದರೆ ಇವೆಲ್ಲ ಕಳೆದುಹೋದಂತೆ ಕಾಣುತ್ತವೆ. ವಾಸ್ತವದಲ್ಲಿ ಒಂದೂ ಕಳೆದಿಲ್ಲ. ಮೂಲ ಪ್ಯಾಕೇಜಿನ ಹೆಸರನ್ನು ಆಧಾರವಾಗಿಟ್ಟು ಹೋಲಿಸುವುದೇ ಇದಕ್ಕೆ ಪರಿಹಾರ.

ಗಣಕವೊಂದರಲ್ಲಿ ಉಳಿದಿರುವ ಇಂಥ ಅನಾಥ ಪ್ಯಾಕೇಜುಗಳನ್ನು 'ಆಪ್ಟಿಟ್ಯೂಡ್' ಪ್ರತ್ಯೇಕ ವರ್ಗದಲ್ಲಿ ತೋರಿಸುತ್ತದೆ. ಆದರೆ ಹೊರಗಿನಿಂದ ತಂದು ಅಳವಡಿಸಿದವೂ ಅದೇ ವರ್ಗದಲ್ಲಿ ಬೆರೆತಿರುತ್ತವೆಯಾದ್ದರಿಂದ ಪ್ರತಿಯೊಂದನ್ನೂ ವಿವೇಚಿಸಿಯೇ ತೆಗೆಯಬೇಕಾಗುತ್ತದೆ.

ಕೈಬಿಟ್ಟ ತಂತ್ರಾಂಶವು ಪೂರ್ಣವಾಗಿ ನಾಶವಾಗುವುದಿಲ್ಲ. ಡೆಬಿಯನ್ನಿನ 'ಸ್ನ್ಯಾಪ್‌ಶಾಟ್' ಸಂಗ್ರಹವು 2005ರಿಂದೀಚೆಗಿನ ಭಂಡಾರದ ಸ್ಥಿತಿಗಳನ್ನು ದಿನಾಂಕವಾರು ಕಾಯ್ದಿರಿಸಿದೆ. ಹಿಂದಿನ ಲೆಕ್ಕಾಚಾರವೊಂದನ್ನು ಮರುಪರೀಕ್ಷಿಸುವ ಸಂಶೋಧಕನಿಗೆ, ಹಳೆಯ ಕಡತ ತೆರೆಯಬೇಕಾದ ಗ್ರಂಥಪಾಲಕನಿಗೆ ಪ್ಯಾಕೇಜಿನ ಹೆಸರು ಮತ್ತು ಆವೃತ್ತಿಸಂಖ್ಯೆ ತಿಳಿದಿದ್ದರೆ ಅಲ್ಲಿಂದ ಅದೇ ಪ್ರತಿ ದೊರೆಯುತ್ತದೆ. ಆ ಪ್ರತಿಯಲ್ಲಿ ಅಂದಿನ ದೋಷಗಳೂ ಇರುವುದರಿಂದ ಜಾಲಸಂಪರ್ಕವಿಲ್ಲದ ಗಣಕದಲ್ಲಿ ಬಳಸುವುದು ಕ್ಷೇಮಕರ.