ಭಾಷೆಯ ತೊಡಕೋ, ಕಲಿಕಾ ನ್ಯೂನತೆಯೋ? 6ನೇ ತರಗತಿಯಲ್ಲಿ ಎಡವುವ ಮಗುವಿಗೆ ಶಾಲೆಯಲ್ಲಿ ಸಿಗಬೇಕಾದ ನೆರವೇನು?

ಐದನೇ ತರಗತಿವರೆಗೆ ‘ಪರವಾಗಿಲ್ಲ’ ಎನ್ನುವಂತಿದ್ದ ಮಗು ಆರಕ್ಕೆ ಬಂದ ಕೂಡಲೇ ಎಡವತೊಡಗುತ್ತದೆ. ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರ ಹೇಳುತ್ತದೆ, ಉತ್ತರ ಪತ್ರಿಕೆಯಲ್ಲಿ ಮಾತ್ರ ಅರ್ಧ ಪುಟವೂ ತುಂಬಿರುವುದಿಲ್ಲ. ಬೋರ್ಡ್ ಮೇಲಿನದನ್ನು ನೋಡಿ ಬರೆಯುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ನೆಲೆಸಿದ ಕನ್ನಡ ಕುಟುಂಬದ ಮಗುವಾದರೆ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಮನೇಲಿ ಕನ್ನಡ ಅಲ್ವಾ, ಅದಕ್ಕೇ ಇಲ್ಲಿನ ಭಾಷೆ ಹತ್ತುತ್ತಿಲ್ಲ.’ ಶಿಕ್ಷಕರೂ ಇದನ್ನೇ ಹೇಳುತ್ತಾರೆ, ಪೋಷಕರೂ ಇದನ್ನೇ ನಂಬುತ್ತಾರೆ.

ಹಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಇದೇ ನೆಪದ ಹಿಂದೆ ವರ್ಷಗಟ್ಟಲೆ ಅಡಗಿರುತ್ತದೆ. ಅದು ಗೊತ್ತಾಗುವ ಹೊತ್ತಿಗೆ 10ನೇ ತರಗತಿ ಪರೀಕ್ಷೆ ಎದುರಿಗಿರುತ್ತದೆ. ಆಗ ಪ್ರಮಾಣಪತ್ರಕ್ಕಾಗಿ ಓಡಾಟ, ಹೆಚ್ಚುವರಿ ಸಮಯಕ್ಕಾಗಿ ಅರ್ಜಿ. ಓದುವುದನ್ನು ಕಲಿಸಲು ಅವಕಾಶವಿದ್ದ 6, 7, 8ನೇ ತರಗತಿಗಳು ಕೈಬಿಟ್ಟು ಹೋಗಿರುತ್ತವೆ.

ಆರನೇ ತರಗತಿಯಲ್ಲೇ ಏಕೆ?

ಪ್ರಾಥಮಿಕ ಹಂತದಲ್ಲಿ ಮಗು ಓದಲು ಕಲಿಯುತ್ತದೆ. ಮುಂದೆ ಓದಿಯೇ ಕಲಿಯಬೇಕು. ವಿಜ್ಞಾನ, ಇತಿಹಾಸದ ಉದ್ದುದ್ದ ಪಾಠಗಳು ಬರುತ್ತವೆ, ವಿಷಯಕ್ಕೊಬ್ಬ ಶಿಕ್ಷಕರು ಬರುತ್ತಾರೆ. ಇಡೀ ದಿನ ಜತೆಗಿದ್ದು ಮಗುವಿನ ಗುಣ-ದೋಷ ಬಲ್ಲ ಕ್ಲಾಸ್ ಟೀಚರ್ ಇಲ್ಲಿ ಇರುವುದಿಲ್ಲ. ಗಣಿತದವರಿಗೆ ಕಾಣಿಸಿದ್ದು ಇಂಗ್ಲಿಷ್‌ನವರಿಗೆ ತಿಳಿಯದು.

ಭಾಷೆಯ ಹೊರೆಯೂ ಸಣ್ಣದಲ್ಲ. ತಮಿಳುನಾಡು 2006ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿವೆ. ಇಂಗ್ಲಿಷ್, ಹಿಂದಿಯ ಜತೆ ಸ್ಥಳೀಯ ಭಾಷೆ, ಮನೆಯಲ್ಲಿ ಕನ್ನಡ. ಹೀಗೆ ಎರಡು-ಮೂರು ಲಿಪಿಗಳನ್ನು ಒಟ್ಟಿಗೆ ಸಂಭಾಳಿಸುವುದು ಹೆಚ್ಚಿನ ಮಕ್ಕಳಿಗೆ ಕಷ್ಟವೇನಲ್ಲ. ಅಕ್ಷರ ಮತ್ತು ಧ್ವನಿಯ ನಂಟು ಕೂಡಿಸುವುದೇ ಕಷ್ಟವಾಗಿರುವ ಮಗುವಿಗೆ ಮಾತ್ರ ಪ್ರತಿ ಲಿಪಿಯೂ ಹೊಸ ಗೋಡೆ.

ಇದರ ಮೇಲೆ, ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ನಿಯಮ ಬದಲಿಸಿದ್ದು, 5 ಮತ್ತು 8ನೇ ತರಗತಿಯಲ್ಲಿ ಮರುಪರೀಕ್ಷೆಯಲ್ಲೂ ತೇರ್ಗಡೆಯಾಗದವರನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಹುದು. ಹಲವು ರಾಜ್ಯಗಳು ಅದಕ್ಕೂ ಮೊದಲೇ ಈ ದಾರಿ ಹಿಡಿದಿದ್ದವು. ಹಾಗಾಗಿ ಗುರುತಿಸದೆ ಬಿಟ್ಟ ತೊಂದರೆಗೆ ಮಗು ಒಂದು ವರ್ಷವನ್ನೇ ತೆರಬೇಕಾಗಬಹುದು.

ವ್ಯತ್ಯಾಸ ತಿಳಿಯುವುದು ಹೇಗೆ?

ಹೊಸ ಭಾಷೆಯಷ್ಟೇ ತೊಡಕಾಗಿದ್ದರೆ ಆ ಒಂದು ಭಾಷೆಯಲ್ಲಿ ಮಗು ಹಿಂದೆ ಬೀಳುತ್ತದೆ, ಕೇಳುತ್ತಾ ಆಡುತ್ತಾ ಸುಧಾರಿಸುತ್ತದೆ. ಇಂಗ್ಲಿಷ್ ಓದು-ಬರಹ ಸಾಮಾನ್ಯವಾಗಿ ವಯಸ್ಸಿಗೆ ತಕ್ಕಂತಿರುತ್ತದೆ. ಡಿಸ್ಲೆಕ್ಸಿಯಾ ಇದ್ದರೆ ಹಾಗಲ್ಲ. ಮರಾಠಿ ಮಾತು ಸರಾಗವಾಗಿ ಬಂದ ಮೇಲೂ ಓದು ತಡವರಿಸುತ್ತದೆ, ಹೆಚ್ಚುಕಡಿಮೆ ಕಲಿತ ಎಲ್ಲ ಭಾಷೆಗಳಲ್ಲೂ ತಡವರಿಸುತ್ತದೆ. ಇಂಗ್ಲಿಷ್‌ನಲ್ಲಿ ಸ್ಪೆಲ್ಲಿಂಗ್ ಕೈಕೊಟ್ಟರೆ ಭಾರತೀಯ ಲಿಪಿಗಳಲ್ಲಿ ಒತ್ತಕ್ಷರ, ಸ್ವರಚಿಹ್ನೆಗಳು ಕೈಕೊಡುತ್ತವೆ. ಅದೇ ಮಗು ನೋಡಿದ ಸಿನಿಮಾದ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಒಂದೂ ಬಿಡದೆ ಹೇಳಬಲ್ಲದು. ಹೇಳುವುದಕ್ಕೂ ಬರೆಯುವುದಕ್ಕೂ ನಡುವಿನ ಈ ಅಂತರವೇ ಮೊದಲ ಸುಳಿವು.

ಇದು ಸುಳಿವು ಮಾತ್ರ. ಕಣ್ಣು, ಕಿವಿ ಪರೀಕ್ಷೆ ಮೊದಲು ಆಗಬೇಕು. ಆಮೇಲೆ ಮಕ್ಕಳ ವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ತಪಾಸಣೆ. 2018ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ, ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಇದಕ್ಕೆ ಬಳಸಲು ಹೇಳಿತ್ತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜತೆ ಕನ್ನಡದಲ್ಲೂ ಇದೆ, ಆದರೆ ಅದು ಚಿಕ್ಕ ತರಗತಿಯ ಮಕ್ಕಳಿಗೆ. ಕನ್ನಡ ಮಾತಾಡಬಲ್ಲ, ಓದಲು ಕಲಿಯದ ಮಗುವನ್ನು ಕನ್ನಡ ಓದಿಸಿ ಪರೀಕ್ಷಿಸಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಮನೆಯಲ್ಲಿ ಯಾವ ಭಾಷೆ, ಯಾವ ಲಿಪಿ ಎಷ್ಟು ವರ್ಷದಿಂದ ಕಲಿಯುತ್ತಿದೆ ಎಂಬುದನ್ನು ಪೋಷಕರೇ ಮೊದಲು ತಿಳಿಸುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ–2016, ಹಿಂದೆ 7 ಇದ್ದ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಈಗ ಆ ಪಟ್ಟಿಯಲ್ಲಿವೆ. ಸರ್ಕಾರಿ, ಅನುದಾನಿತ ಮತ್ತು ಮಾನ್ಯತೆ ಪಡೆದ ಶಾಲೆಗಳು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ 16ನೇ ಸೆಕ್ಷನ್. 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯನ್ನು ಹೆಸರಿಸಿಯೇ ಹೇಳುತ್ತದೆ. ಹೊರರಾಜ್ಯದ ಕನ್ನಡ ಮಕ್ಕಳಿಗೆ ಈ ಕೊನೆಯದು ಬಹುಮುಖ್ಯ.

ವಿನಾಯಿತಿ ಸಿಕ್ಕಿತೆಂದು ಕೂಡಲೇ ಒಂದು ಭಾಷೆ ಬಿಡಿಸುವುದು ಜಾಣತನವೇ ಎಂಬುದು ಬೇರೆ ಪ್ರಶ್ನೆ. ಬೀದಿಯಲ್ಲಿ ಆಡಲು, ಗೆಳೆಯರನ್ನು ಮಾಡಿಕೊಳ್ಳಲು ಬೇಕಾದದ್ದು ಅದೇ ಭಾಷೆ. ಪರೀಕ್ಷೆಯಿಂದ ಮಾತ್ರ ಬಿಡಿಸಿ, ಮಾತಿನಲ್ಲಿ ಉಳಿಸಿಕೊಳ್ಳಲು ಸಾಧ್ಯವೇ ಎಂದು ಶಾಲೆಯೊಂದಿಗೆ ಚರ್ಚಿಸಬಹುದು. ಮಗುವನ್ನೂ ಕೇಳಬೇಕು.

ಕಲಿಸುವವರ ವಿಷಯಕ್ಕೆ ಬಂದರೆ, ಹಿರಿಯ ಪ್ರಾಥಮಿಕ ಮತ್ತು ಪ್ರೌಢ ಹಂತದಲ್ಲಿ ವಿಶೇಷ ಅಗತ್ಯವುಳ್ಳ 15 ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಪ್ರಾಥಮಿಕ ಹಂತದಲ್ಲಿ ಈ ಪ್ರಮಾಣ 10ಕ್ಕೆ ಒಬ್ಬರು. ಹುದ್ದೆಗಳ ಮಂಜೂರಾತಿ ನಿಧಾನವಾಗಿದ್ದರಿಂದ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಗಡುವು ವಿಧಿಸಬೇಕಾಯಿತು. ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ವಿಶೇಷ ಶಿಕ್ಷಕರನ್ನು ಕಡ್ಡಾಯ ಮಾಡಿದೆ. ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಾ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಗುವಿಗೆ ವರ್ಷಕ್ಕೆ 3,500 ರೂ.ವರೆಗೆ ನೆರವಿಗೆ ಅವಕಾಶವಿದೆ, ಬಾಲಕಿಯರಿಗೆ ತಿಂಗಳಿಗೆ 200 ರೂ. ಸ್ಟೈಪೆಂಡ್ ಬೇರೆ.

ಪ್ರಮಾಣಪತ್ರದವರೆಗೆ ಕಾಯಬೇಕೇ?

ಪರೀಕ್ಷಾ ವಿನಾಯಿತಿಗೆ ಪ್ರಮಾಣಪತ್ರ ಬೇಕು. ತರಗತಿಯೊಳಗಿನ ಎಷ್ಟೋ ನೆರವಿಗೆ ಬೇಕಿಲ್ಲ. ಬೋರ್ಡ್ ನೋಡಿ ಬರೆಯುವ ಬದಲು ಮುದ್ರಿತ ಟಿಪ್ಪಣಿ ಕೊಡುವುದು, ಎಲ್ಲರೆದುರು ದಿಢೀರನೆ ಎಬ್ಬಿಸಿ ಓದಿಸದಿರುವುದು, ಕೆಲವು ಉತ್ತರಗಳನ್ನು ಬಾಯಲ್ಲೇ ಕೇಳಿ ಅಂಕ ಕೊಡುವುದು, ಲೆಕ್ಕದ ಸಾಲು ತಪ್ಪದಂತೆ ಚೌಕುಳಿ ಪುಸ್ತಕ ಕೊಡುವುದು. ಇದಕ್ಕೆ ಖರ್ಚೂ ಇಲ್ಲ, ಅನುಮತಿಯೂ ಬೇಡ.

ಮುಖ್ಯವಾದದ್ದು ಮಗುವಿಗಾಗಿಯೇ ಬರೆದಿಟ್ಟ ಕಲಿಕಾ ಯೋಜನೆ. ‘ಓದು ಸುಧಾರಿಸಬೇಕು’ ಎಂದು ಬರೆದರೆ ಅದು ಯೋಜನೆಯಲ್ಲ. ಯಾವ ಬಗೆಯ ಪದಗಳು, ಯಾವ ತಿಂಗಳೊಳಗೆ, ವಾರಕ್ಕೆ ಎಷ್ಟು ಪೀರಿಯಡ್ ಸಂಪನ್ಮೂಲ ಕೊಠಡಿಯಲ್ಲಿ, ಕಲಿಸುವವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಆ ಹಾಳೆ ವಿಜ್ಞಾನದ ಶಿಕ್ಷಕರಿಗೂ ತಲುಪಿರಬೇಕು. ಮಗುವನ್ನು ಪ್ರತಿದಿನ ಆಟದ ಪೀರಿಯಡ್‌ನಲ್ಲೇ ಹೊರಗೆ ಕರೆದೊಯ್ದರೆ ಅದಕ್ಕದು ಶಿಕ್ಷೆಯಂತೆಯೇ ಕಾಣುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ಶಾಲೆಗೆ, ಲಿಖಿತ ಮನವಿಯೊಂದಿಗೆ; ಪ್ರತಿ ಇಟ್ಟುಕೊಳ್ಳಬೇಕು. ತಪಾಸಣೆಗೆ ಮುಂಬೈನಲ್ಲಿ ಸಯಾನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಕಲಿಕಾ ನ್ಯೂನತೆ ಕ್ಲಿನಿಕ್ ಹೆಸರಾಗಿದೆ. ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವಿದ್ದರೆ ಸಿಕಂದರಾಬಾದ್ ಮತ್ತು ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಕೇಂದ್ರದ ರಾಷ್ಟ್ರೀಯ ಸಂಸ್ಥೆಗಳಿವೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

2018ರ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಮೇಲಷ್ಟೇ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗುತ್ತಿತ್ತು, 14 ಮತ್ತು 18ನೇ ವಯಸ್ಸಿನಲ್ಲಿ ಮರುತಪಾಸಣೆ ಆಗಬೇಕಿತ್ತು. 14 ಎಂದರೆ ಹೆಚ್ಚುಕಡಿಮೆ 8–9ನೇ ತರಗತಿ. ಕೆಲಸದ ವರ್ಗಾವಣೆಯಿಂದ ಊರು ಬದಲಿಸುವ ಕುಟುಂಬಗಳು ಮರುತಪಾಸಣೆಯ ದಿನಾಂಕವನ್ನು ಮರೆಯುವಂತಿಲ್ಲ. ಯುಡಿಐಡಿ ದೇಶವ್ಯಾಪಿ ಗುರುತಿನ ಚೀಟಿಯಾದರೂ ಪರೀಕ್ಷಾ ರಿಯಾಯಿತಿ ಕೊಡುವುದು ಆಯಾ ಮಂಡಳಿ. ಹಾಗಾಗಿ ಹೊಸ ಶಾಲೆಗೆ ಸೇರಿಸುವ ದಿನವೇ ವರ್ಗಾವಣೆ ಪತ್ರದ ಜತೆ ಹಳೆಯ ತಪಾಸಣಾ ವರದಿ, ಕಲಿಕಾ ಯೋಜನೆಯ ಪ್ರತಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಬೇಕು.